ಕಾಣದವರು ಕಲಿಸಿದ ಪಾಠ

ಜೆ. ಸ್ಕೆಲ್ಲಿ ರೈಟ್ 1911ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿದರು. ಹಗಲಿನಲ್ಲಿ ಶಾಲೆಯಲ್ಲಿ ಪಾಠ ಹೇಳಿ, ರಾತ್ರಿ ಯೇಸುಸಭೆಯ ಲೊಯೋಲಾ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಕಲಿತರು.

ಸರ್ಕಾರಿ ವಕೀಲರಾಗಿದ್ದಾಗ, ಒಂದು ಕ್ರಿಸ್ಮಸ್‌ನ ಹಿಂದಿನ ದಿನ ಕಚೇರಿಯ ಕಿಟಕಿಯಿಂದ ಎದುರಿನ ಅಂಧರ ಸಂಸ್ಥೆಯತ್ತ ನೋಡಿದರು. ಹಬ್ಬದ ಕೂಟಕ್ಕೆ ಬಂದ ಅಂಧರನ್ನು ಬಿಳಿಯರು, ಕರಿಯರು ಎಂದು ಬೇರ್ಪಡಿಸಿ ಬೇರೆ ಬೇರೆ ಕಡೆಗೆ ಕರೆದೊಯ್ಯುತ್ತಿದ್ದರು. ಬಣ್ಣವನ್ನೇ ಕಾಣದವರಿಗೂ ವರ್ಣಭೇದ! ಆ ದೃಶ್ಯ ಅವರನ್ನು ಜೀವನವಿಡೀ ಕಾಡಿತು.

1949ರಲ್ಲಿ ಅವರು ಫೆಡರಲ್ ನ್ಯಾಯಾಧೀಶರಾದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು 1954ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಾಗ, ಅದನ್ನು ತಮ್ಮ ಹುಟ್ಟೂರಿನಲ್ಲೇ ಜಾರಿಗೆ ತರುವ ಹೊಣೆ ಅವರ ಹೆಗಲೇರಿತು. ರಾಜ್ಯದ ಶಾಸನಸಭೆ ಅಡ್ಡಿಯಾಗಿ ಒಂದರ ಮೇಲೊಂದು ಕಾನೂನು ತಂದರೂ ಅವರು ಹಿಂಜರಿಯಲಿಲ್ಲ. 1960ರ ನವೆಂಬರ್ 14ರಂದು ಆರು ವರ್ಷದ ನಾಲ್ವರು ಕಪ್ಪು ಬಾಲಕಿಯರು ಬಿಳಿಯರ ಎರಡು ಶಾಲೆಗಳ ಮೆಟ್ಟಿಲೇರಿದರು. ಅವರಲ್ಲೊಬ್ಬಳು ರೂಬಿ ಬ್ರಿಡ್ಜಸ್.

ಇದಕ್ಕೆ ನ್ಯಾಯಾಧೀಶರು ತೆತ್ತ ಬೆಲೆಯೇನು? ಹಳೆಯ ಗೆಳೆಯರು ಅವರನ್ನು ಕಂಡರೆ ರಸ್ತೆ ದಾಟಿ ಆಚೆ ಹೋದರು. ಮನೆಯಂಗಳದಲ್ಲಿ ಶಿಲುಬೆಯೊಂದನ್ನು ನೆಟ್ಟು ಸುಟ್ಟರು. ಆ ನಗರದಲ್ಲಿ ನಮ್ಮ ಧರ್ಮಸಭೆಯ ಶಾಲೆಗಳು ಕೂಡ ಎಲ್ಲ ಮಕ್ಕಳಿಗೂ ಬಾಗಿಲು ತೆರೆದದ್ದು 1962ರಲ್ಲಿ. ಜಪ, ಪೂಜೆಗಳಿದ್ದ ಮನೆಗಳಲ್ಲೂ ಭೇದ ಬೇರೂರಿತ್ತು ಎಂಬುದನ್ನು ನಾವು ತಲೆತಗ್ಗಿಸಿ ಒಪ್ಪಬೇಕು.

ಅದೇ ವರ್ಷ ರೈಟ್ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯಕ್ಕೆ ತೆರಳಿದರು, 1988ರಲ್ಲಿ ನಿಧನರಾದರು.

ಓದುಗರೇ, ಇಂದು ರಾತ್ರಿ ಕುಟುಂಬ ಪ್ರಾರ್ಥನೆಗೆ ಕೂತಾಗ ನಿಮ್ಮನ್ನೇ ಕೇಳಿಕೊಳ್ಳಿ: ನಮ್ಮ ಮನೆಯ ಹೊಸ್ತಿಲಲ್ಲಿ ಯಾರನ್ನು ನಿಲ್ಲಿಸಿದ್ದೇವೆ? ಅದನ್ನು ನೋಡುತ್ತಿರುವ ನಮ್ಮ ಮಕ್ಕಳು ಏನು ಕಲಿಯುತ್ತಿದ್ದಾರೆ?