ನೆಲದ ಪದರುಗಳನ್ನು ಓದಿದ ಫೂಟ್

ಸಾವಳಗಿಯ ಎರೆನೆಲದಲ್ಲಿ ಬಾವಿಯ ನೀರಿನ ಮಾತು ಬಂದಾಗಲೆಲ್ಲ ನನಗೆ ರಾಬರ್ಟ್ ಬ್ರೂಸ್ ಫೂಟ್ ಅವರ ನೆನಪಾಗುತ್ತದೆ. ಭಾರತದ ಪ್ರಾಗಿತಿಹಾಸದ ಪಿತಾಮಹರೆಂದು ವಾಚಕರಲ್ಲಿ ಹಲವರು ಅವರನ್ನು ಬಲ್ಲರು. 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದ ಕೀರ್ತಿ ಅವರದು. ಆದರೆ ವೃತ್ತಿಯಿಂದ ಅವರು ಭೂವಿಜ್ಞಾನಿಗಳು. ಆ ವೃತ್ತಿಯಿಂದ ನಮ್ಮ ಸೀಮೆಗೆ ಆದ ಉಪಕಾರವು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಫೂಟ್ ಜನಿಸಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ, ಸೇವೆಯ ಬಹುಭಾಗವನ್ನು ದಕ್ಷಿಣ ಭಾರತದಲ್ಲಿಯೇ ಕಳೆದರು. ಬೆಳಗಾವಿ, ಕಲಾದಗಿ, ಧಾರವಾಡಗಳ ಕಡೆಯ ಭಾಗಕ್ಕೆ ಅಂದು ದಕ್ಷಿಣ ಮರಾಠಾ ಸೀಮೆಯೆಂದು ಹೆಸರು. ಅದರ ಶಿಲಾರಚನೆಯನ್ನು ಶೋಧಿಸಿ ಅವರು ಬರೆದ ಗ್ರಂಥವು 1876ರಲ್ಲಿ ಹೊರಬಂದಿತು. ಇಲ್ಲಿಯ ಪುರಾತನ ಮರಳುಗಲ್ಲು, ಸುಣ್ಣಗಲ್ಲುಗಳ ಸಮೂಹಕ್ಕೆ ಅವರು ಕಲಾದಗಿಯ ಹೆಸರನ್ನಿಟ್ಟರು. ಹತ್ತು ವರ್ಷಗಳ ತರುವಾಯ ಇನ್ನೊಂದು ಶಿಲಾಸಮೂಹವನ್ನು ಧಾರವಾಡದ ಹೆಸರಿನಿಂದ ಕರೆದರು. ಹೀಗೆ ಕನ್ನಡ ನಾಡಿನ ಎರಡು ಊರುಗಳು ಭೂವಿಜ್ಞಾನದ ಪರಿಭಾಷೆಯನ್ನು ಸೇರಿದವು.

1891ರಲ್ಲಿ ನಿವೃತ್ತರಾದ ಮೇಲೂ ಅವರು ಸುಮ್ಮನೆ ಕುಳಿತವರಲ್ಲ. ಬರೋಡಾ ಸಂಸ್ಥಾನದ ಭೂರಚನೆಯನ್ನು ಪರಿಶೀಲಿಸಿದರು. ಜೀವಮಾನವೆಲ್ಲ ಕೂಡಿಹಾಕಿದ ಪ್ರಾಚೀನ ವಸ್ತುಗಳ ಸಂಗ್ರಹವು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರಲ್ಲಿ ಅವರು ಕಾಲವಾದರು.

ಕನ್ನಡವನ್ನು ಬೋಧಿಸುವ ನನಗೆ ಅವರ ಕೃತಿಯಲ್ಲಿ ಹಿಡಿಸಿದ್ದು ಒಂದೇ ವಿವೇಕ: ನೆಲವು ಒಂದೇ ವಸ್ತುವಲ್ಲ, ಒಂದರ ಮೇಲೊಂದು ಹಾಸಿದ ಪದರುಗಳ ಕಟ್ಟು. ಸಾವಳಗಿಯ ಕಡೆ ಎರೆಮಣ್ಣಿನ ಕೆಳಗಿರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾದ ಕರಿಗಲ್ಲು. ಕೃಷ್ಣೆಯನ್ನು ದಾಟಿ ತೆಂಕಣಕ್ಕೆ ಸರಿದಂತೆ ಅದಕ್ಕಿಂತ ಎಷ್ಟೋ ಹಳೆಯ ಕಲಾದಗಿಯ ಶಿಲೆಗಳು ತಲೆಯೆತ್ತುತ್ತವೆ.

ನೀರಿನ ನಡೆಯೂ ಗುಣವೂ ಈ ಪದರುಗಳಿಗೆ ಅಧೀನ. ಮೇಲಿನ ಶಿಥಿಲಶಿಲೆಯಲ್ಲಿ ಮಳೆನೀರು ಬೇಗ ಇಳಿಯುತ್ತದೆ, ಬೇಗ ಹರಿಯುತ್ತದೆ. ಸಾಮಾನ್ಯವಾಗಿ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಬೈಕಾರ್ಬೊನೇಟುಗಳೇ ಹೆಚ್ಚು. ಅದರ ಕೆಳಗಿನ ಗಟ್ಟಿಗಲ್ಲಿನಲ್ಲಿ ನೀರಿಗೆ ಬಿರುಕುಗಳೂ, ಒಂದು ಲಾವಾ ಹಾಸು ಇನ್ನೊಂದನ್ನು ಕೂಡುವ ಸಂದುಗಳೂ ಮಾತ್ರ ದಾರಿ. ನಡುವೆ ಕೆಂಪು ಜೇಡಿಯ ಪದರವಿದ್ದರೆ ಇಳಿಯುವ ನೀರು ತಡೆಯುತ್ತದೆ. ಆಳಕ್ಕೆ ಹೋದಂತೆ ಬಿರುಕುಗಳು ವಿರಳವಾಗಿ, ನೀರಿನ ನಡಿಗೆ ಮಂದವಾಗುತ್ತದೆ. ದೀರ್ಘಕಾಲ ಕಲ್ಲಿನ ಸಹವಾಸದಲ್ಲಿರುವ ಆ ನೀರಿನಲ್ಲಿ ಹಲವೆಡೆ ಕ್ಯಾಲ್ಸಿಯಂ ತಗ್ಗಿ ಸೋಡಿಯಂ ಏರುತ್ತದೆ. ಕ್ಯಾಲ್ಸಿಯಂ ತಗ್ಗಿದಲ್ಲಿ ಫ್ಲೋರೈಡು ಕರಗಿ ನಿಲ್ಲಲು ಅನುಕೂಲವಾಗುತ್ತದೆ. ಹಾಗೆಂದು ಮೇಲಿನ ನೀರೆಲ್ಲ ಸಿಹಿಯೆನ್ನುವಂತಿಲ್ಲ. ಅತಿಯಾಗಿ ನೀರುಣಿಸಿದ ಎರೆಹೊಲದಲ್ಲಿ ಆವಿಯಾದ ನೀರು ಉಪ್ಪನ್ನು ಬಿಟ್ಟುಹೋಗುವುದರಿಂದ ತೋಡುಬಾವಿಯೂ ಸವಳಾಗಬಲ್ಲದು.

ಫೂಟರ ಕಾಲದಲ್ಲಿ ಹಾರೆ ಪಿಕಾಸಿಗಳ ಬಾವಿ ಎಷ್ಟು ಆಳಕ್ಕೆ ಹೋದೀತು? ತೋಡುವವನ ಕಣ್ಣಿಗೆ ಪ್ರತಿಯೊಂದು ಪದರವೂ ಬೀಳುತ್ತಿತ್ತು. ಇಂದಿನ ಯಂತ್ರವು ಒಂದೇ ದಿನದಲ್ಲಿ ನೂರಾರು ಅಡಿ ಇಳಿದು, ಹಲವು ಪದರುಗಳ ನೀರನ್ನು ಒಂದೇ ಕೊಳವೆಯಲ್ಲಿ ಬೆರೆಸುತ್ತದೆ. ಮೇಲಿನ ನೀರು ಒಂದು ಒಳ್ಳೆಯ ಮಳೆಗಾಲದಲ್ಲಿ ತುಂಬಿಕೊಂಡೀತು. ಆಳದ್ದು ತುಂಬಲು ತಲೆಮಾರುಗಳೇ ಬೇಕಾದಾವು. ಆದ್ದರಿಂದ ಕೊಳವೆಯನ್ನು ಇನ್ನೂ ನೂರಡಿ ಇಳಿಸುವ ಮುನ್ನ ಹೊರಬಂದ ಕಲ್ಲಿನ ಪುಡಿಯನ್ನು ಅಡಿಯಡಿಗೂ ತೆಗೆದಿಟ್ಟು ನೋಡುವುದು, ಬಂದ ನೀರನ್ನು ಕುಡಿಯುವ ಮೊದಲು ಪರೀಕ್ಷೆಗೆ ಕೊಡುವುದು ನಮ್ಮ ರೈತಬಾಂಧವರಿಗೆ ಹಿತಕರ. ಫೂಟರು ಬೆಟ್ಟದ ಓರೆಯಲ್ಲಿ ನಿಂತು ಮಾಡಿದ್ದೂ ಅಂಥದೇ ತಾಳ್ಮೆಯ ಕೆಲಸ.