ವಿಯೊಲೆ-ಲ-ದ್ಯುಕ್ ಮತ್ತು ಪ್ಲಾಸ್ಟರ್ ಪ್ರತಿಕೃತಿಗಳು

ಮಧ್ಯಯುಗದ ಫ್ರೆಂಚ್ ಚರ್ಚುಗಳ ಶಿಲ್ಪವು ಗ್ರೀಕ್ ಶಿಲ್ಪಕ್ಕೆ ಸರಿಸಮಾನವೆಂದು ಸಾಧಿಸಲು ಯೂಜೆನ್ ವಿಯೊಲೆ-ಲ-ದ್ಯುಕ್ ಕೊನೆಗೆ ಆಶ್ರಯಿಸಿದ್ದು ಪ್ಲಾಸ್ಟರನ್ನು. 1814ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದ ಈತ ಕಲಾಶಾಲೆಯ ವ್ಯಾಸಂಗವನ್ನು ನಿರಾಕರಿಸಿ, ಹಳೆಯ ಕಟ್ಟಡಗಳನ್ನು ಸುತ್ತಿ ನೋಡಿಯೇ ವಾಸ್ತುವಿದ್ಯೆಯನ್ನು ಕಲಿತನು. 1840ರಲ್ಲಿ ವೆಜೆಲೆಯ ಚರ್ಚಿನ, 1844ರಲ್ಲಿ ಲಾಸ್ಯೂನೊಡನೆ ನೋತ್ರ್ ದಾಮಿನ ಜೀರ್ಣೋದ್ಧಾರ ಇವನ ಪಾಲಿಗೆ ಬಂದಿತು. ಇದ್ದುದನ್ನು ಉಳಿಸಿದ್ದಲ್ಲದೆ ಇಲ್ಲದ್ದನ್ನೂ ಸೇರಿಸಿದನು. ನೋತ್ರ್ ದಾಮಿನ ಮೇಲ್ಮೊಗಸಾಲೆಯ ವಿಕಟ ಮೃಗಗಳು ಇವನ ಕಲ್ಪನೆಯವು. ಇದಕ್ಕಾಗಿ ಬಂದ ನಿಂದೆ ಅಕಾರಣವಾದುದಲ್ಲ.

ಮೂಲಕ್ಕೆ ಕೈಹಚ್ಚಲು ಅಳುಕದ ಇದೇ ವ್ಯಕ್ತಿ ಯಥಾವತ್ತಾದ ಪ್ರತಿಕೃತಿಯ ಪ್ರತಿಪಾದಕನೂ ಆಗಿದ್ದನೆಂಬುದು ಗಮನಾರ್ಹ. ದ್ವಾರಶಿಲ್ಪವನ್ನು ಗೋಡೆಯಿಂದ ಕಿತ್ತು ತರಲಾಗದು. ಆದರೆ ಅದರ ಅಚ್ಚು ತೆಗೆದು ಪ್ಲಾಸ್ಟರ್ ಹೊಯ್ದರೆ ಮೂಲದ ಅಳತೆಯಲ್ಲೇ ಪಡೆಯಬಹುದು. ಹೀಗೆ 12ನೆಯ ಶತಮಾನದ ಸಂತರನ್ನು ಗ್ರೀಕ್ ಮೂರ್ತಿಗಳ ಪಕ್ಕದಲ್ಲಿ ನಿಲ್ಲಿಸಿ ಹೋಲಿಸುವ ತೌಲನಿಕ ಶಿಲ್ಪ ಸಂಗ್ರಹಾಲಯದ ಯೋಜನೆಯನ್ನು 1879ರಲ್ಲಿ ಸರ್ಕಾರಕ್ಕೆ ಸಲ್ಲಿಸಿದನು. ಅದೇ ಸೆಪ್ಟೆಂಬರಿನಲ್ಲಿ ಲೊಸಾನಿನಲ್ಲಿ ತೀರಿಕೊಂಡನು. ಸಂಗ್ರಹಾಲಯ 1882ರಲ್ಲಿ ಪ್ಯಾರಿಸ್ಸಿನ ತ್ರೊಕಾದೆರೊ ಅರಮನೆಯಲ್ಲಿ ತೆರೆಯಿತು. 1937ರಲ್ಲಿ, ಆ ಅರಮನೆಯ ನಿವೇಶನದಲ್ಲೇ ಎದ್ದ ಹೊಸ ಕಟ್ಟಡದಲ್ಲಿ, ಅದನ್ನು ಫ್ರೆಂಚ್ ಸ್ಮಾರಕಗಳಿಗಷ್ಟೇ ಮೀಸಲಿಡಲಾಯಿತು. ವೆಜೆಲೆಯ ದ್ವಾರಶಿಲ್ಪದ ಪ್ರತಿಕೃತಿ ಇಂದಿಗೂ ಅಲ್ಲಿದೆ. ಹೋಲಿಕೆಗೆಂದು ಪಕ್ಕದಲ್ಲಿರಬೇಕಾಗಿದ್ದ ಗ್ರೀಕ್ ಮೂರ್ತಿಗಳು ಉಳಿಯಲಿಲ್ಲ.