ಫೀಸು ಕಟ್ಟಲಾಗದ ರಾಮಾನುಜನ್

ಡಿಸೆಂಬರ್ 22 ಬಂತೆಂದರೆ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ರಾಮಾನುಜನ್ ಫೋಟೋ ಬರುತ್ತೆ. ರಾಷ್ಟ್ರೀಯ ಗಣಿತ ದಿನ. ಯಾರಾದರೂ ಒಬ್ಬರು ಟ್ಯಾಕ್ಸಿ ನಂಬರ್ 1729ರ ಕಥೆ ಹೇಳ್ತಾರೆ, ಚಪ್ಪಾಳೆ ಬೀಳುತ್ತೆ, ಎಲ್ಲರೂ ಕ್ಯಾಂಟೀನಿಗೆ ಹೋಗ್ತೀವಿ. ಆ ಕಥೆ ನಿಮಗೆಲ್ಲ ಗೊತ್ತು, ಇಲ್ಲಿ ಮತ್ತೆ ಹೇಳಲ್ಲ.

ಈ ಸಲ ಪಿಯುಸಿ ಮುಗಿಸಿದ ನನ್ನ ತಮ್ಮ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಾ ಕೂತಿದ್ದ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು: ಯಾವುದಾದರೂ ಒಂದು ವಿಷಯದಲ್ಲಿ ಫೇಲಾದರೆ ಮುಂದಿನ ವರ್ಷದ ಹಣ ಇಲ್ಲ. ಓದುವ ಹುಡುಗರಿಗೆ ಹೀಗೆಲ್ಲ ಆಗುತ್ತಾ ಅಂತ ಕೇಳಿದ. ಆಗುತ್ತೆ. ರಾಮಾನುಜನ್‌ಗೇ ಆಗಿತ್ತು. ಅವನಿಗೆ ಅವತ್ತು ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೀತಿದ್ದೀನಿ. ಒಂದು ಮಾತು: ಆ ಕಾಲದ ರಾಮಾನುಜನ್ ನಮ್ಮ ಫಸ್ಟ್ ಇಯರ್ ಜೂನಿಯರ್ ವಯಸ್ಸಿನವನು. ಅದಕ್ಕೇ ಕೆಲಸ ಸಿಗುವವರೆಗೆ ಏಕವಚನದಲ್ಲೇ ಕರೀತೀನಿ, ಹಿರಿಯರು ಬೇಜಾರು ಮಾಡ್ಕೋಬೇಡಿ.

ಹುಟ್ಟಿದ್ದು 1887ರಲ್ಲಿ, ಈರೋಡಿನಲ್ಲಿ, ಅಮ್ಮನ ತವರಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ, ಸಾರಂಗಪಾಣಿ ದೇವಸ್ಥಾನದ ಬೀದಿಯ ಒಂದು ಸಣ್ಣ ಮನೆಯಲ್ಲಿ. ಅಪ್ಪ ಶ್ರೀನಿವಾಸ ಅಯ್ಯಂಗಾರ್ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು, ತಿಂಗಳಿಗೆ ಸುಮಾರು 20 ರೂಪಾಯಿ ಸಂಬಳ. ಅಮ್ಮ ಕೋಮಲತ್ತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡಿ ಒಂದಿಷ್ಟು ತರೋರು. ಅದೂ ಸಾಲದೆ ಮನೆಯಲ್ಲಿ ಕಾಲೇಜು ಹುಡುಗರನ್ನು ಇಟ್ಟುಕೊಂಡು ಊಟ ಹಾಕೋರು. ಈಗಿನ ಪಿ.ಜಿ. ಅಂದ್ಕೊಳ್ಳಿ. ಆ ಹುಡುಗರ ಪುಸ್ತಕಗಳೇ ಇವನ ಮೊದಲ ಲೈಬ್ರರಿ. ಲೋನಿಯ ತ್ರಿಕೋನಮಿತಿ ಹಾಗೆ ಸಿಕ್ಕಿತು. ಆಮೇಲೆ 1903ರಲ್ಲಿ, ಸುಮಾರು 5000 ಪ್ರಮೇಯಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ ಕಾರ್ ಎಂಬುವರ ದಪ್ಪ ಪುಸ್ತಕ ಕೈಗೆ ಬಂತು. ಸಾಧನೆಗಳು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಇವನೇ ಸ್ಲೇಟಿನ ಮೇಲೆ ಮಾಡಿಕೊಂಡು, ಮೊಣಕೈಯಲ್ಲಿ ಒರೆಸಿ, ಮುಂದಿನದಕ್ಕೆ ಹೋಗ್ತಿದ್ದ. ಕಾಗದ ದುಬಾರಿ. ಉತ್ತರ ಮಾತ್ರ ನೋಟ್‌ಬುಕ್ಕಿಗೆ ಹೋಗೋದು. ಆ ನೋಟ್‌ಬುಕ್ಕುಗಳಲ್ಲಿ ಹಂತಗಳೇ ಇಲ್ಲ ಅಂತ ಮುಂದೆ ಗಣಿತಜ್ಞರು ತಲೆ ಕೆರೆದುಕೊಂಡರಲ್ಲ, ಅದಕ್ಕೆ ಬಡತನವೂ ಒಂದು ಕಾರಣ.

1904ರಲ್ಲಿ ಟೌನ್ ಹೈಸ್ಕೂಲಿನಿಂದ ಗಣಿತದ ಬಹುಮಾನ ತಗೊಂಡು ಹೊರಬಂದ. ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಎಫ್.ಎ.ಗೆ ಸ್ಕಾಲರ್‌ಶಿಪ್ ಸಿಕ್ಕಿತು. ಎಫ್.ಎ. ಅಂದರೆ ಹೆಚ್ಚುಕಡಿಮೆ ನಮ್ಮ ಪಿಯುಸಿ. ಆ ಕಾಲೇಜಿಗೆ ದಕ್ಷಿಣ ಭಾರತದ ಕೇಂಬ್ರಿಜ್ ಅನ್ನೋ ಹೆಸರಿತ್ತು. ಅಲ್ಲಿ ಫೇಲಾದವನು ಮುಂದೆ ನಿಜವಾದ ಕೇಂಬ್ರಿಜ್‌ಗೆ ಹೋದ ಅನ್ನೋದು ಬೇರೆ ಮಾತು.

ಗಣಿತ ಬಿಟ್ಟರೆ ಬೇರೆ ಯಾವುದೂ ತಲೆಗೆ ಹೋಗಲಿಲ್ಲ. ಇಂಗ್ಲಿಷ್, ಇತಿಹಾಸ, ಶರೀರಶಾಸ್ತ್ರದ ಕ್ಲಾಸುಗಳಲ್ಲೂ ಕೂತು ಲೆಕ್ಕವನ್ನೇ ಮಾಡ್ತಿದ್ದ. ಇಂಗ್ಲಿಷ್ ಪ್ರಬಂಧದ ಪತ್ರಿಕೆ ಕೈಕೊಟ್ಟಿತು, ಸ್ಕಾಲರ್‌ಶಿಪ್ ಹೋಯ್ತು. ಒಂದು ಟರ್ಮಿನ ಫೀಸು 32 ರೂಪಾಯಿ, ಅಂದರೆ ಅಪ್ಪನ ಒಂದೂವರೆ ತಿಂಗಳ ಸಂಬಳ. ಅಮ್ಮ ನೇರವಾಗಿ ಪ್ರಿನ್ಸಿಪಾಲರ ಹತ್ತಿರ ಹೋಗಿ ವಾದ ಮಾಡಿದರು. ಪ್ರಿನ್ಸಿಪಾಲರು ಮರ್ಯಾದೆಯಿಂದಲೇ ಮಾತಾಡಿದರು, ಆದರೆ ನಿಯಮ ಬದಲಾಗಲಿಲ್ಲ. ಮೊದಲು ಇದನ್ನ ಓದಿದಾಗ ಎಂಥ ಕಲ್ಲುಹೃದಯದ ನಿಯಮ ಅಂತ ನನಗೆ ಕೋಪ ಬಂದಿತ್ತು. ಈಗ ನಾನೇ ಸ್ಕಾಲರ್‌ಶಿಪ್ ಮೇಲೆ ಓದ್ತಿರೋದ್ರಿಂದ ಪೂರ್ತಿ ಹಾಗನ್ನಿಸಲ್ಲ. ಆ ದುಡ್ಡಿಗೆ ಕಾಯ್ತಿದ್ದ ಇನ್ನೊಬ್ಬ ಬಡ ಹುಡುಗನೂ ಇದ್ದಿರಬೇಕಲ್ಲ. ಆದರೆ ಒಂದೇ ವಿಷಯದಲ್ಲಿ ಬೆಂಕಿಯಂತಿರೋ ಹುಡುಗನಿಗೆ ಆ ವ್ಯವಸ್ಥೆಯಲ್ಲಿ ಬೇರೆ ಬಾಗಿಲೇ ಇರಲಿಲ್ಲ ಅನ್ನೋದಂತೂ ನಿಜ.

ಕೆಲವು ತಿಂಗಳು ತಳ್ಳಿದ. ಆಮೇಲೆ ತಡೀಲಿಕ್ಕಾಗದೆ 1905ರ ಆಗಸ್ಟಿನಲ್ಲಿ ಯಾರಿಗೂ ಹೇಳದೆ ರೈಲು ಹತ್ತಿ ವಿಶಾಖಪಟ್ಟಣದ ಕಡೆ ಹೋಗಿಬಿಟ್ಟ. ವಯಸ್ಸು 17. ಮನೆಯವರು ಕಂಗಾಲಾಗಿ ಪತ್ರಿಕೆಯಲ್ಲಿ ಹುಡುಗ ಕಾಣೆಯಾಗಿದ್ದಾನೆ ಅಂತ ಹಾಕಿಸಿದರು. ವಾಪಸ್ ಬಂದ, ಆದರೆ ಅಟೆಂಡೆನ್ಸ್ ಶಾರ್ಟೇಜ್! ಹೌದು, ಆಗಲೂ ಇತ್ತು. ಆ ವರ್ಷ ಹೋಯ್ತು.

1906ರಲ್ಲಿ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು ಇನ್ನೊಂದು ಅವಕಾಶ ಕೊಟ್ಟಿತು. ನೋಟ್‌ಬುಕ್ ನೋಡಿದ ಗಣಿತದ ಮೇಷ್ಟ್ರು ಬೆರಗಾದರು, ಪ್ರಿನ್ಸಿಪಾಲರು ಸ್ವಲ್ಪ ಸಹಾಯವನ್ನೂ ಮಾಡಿದರು. ಆದರೆ ಶರೀರಶಾಸ್ತ್ರ ಬಿಡಬೇಕಲ್ಲ. ಅದರಲ್ಲಿ ಸಿಕ್ಕ ಅಂಕ ನೂರಕ್ಕೆ ಹತ್ತೂ ದಾಟಲಿಲ್ಲ. 1906ರ ಡಿಸೆಂಬರಿನಲ್ಲಿ ಫೇಲು, 1907ರಲ್ಲಿ ಮತ್ತೆ ಫೇಲು. ಅಲ್ಲಿಗೆ ಕಾಲೇಜಿನ ಕಥೆ ಮುಗಿಯಿತು. ಕೈಯಲ್ಲಿ ಡಿಗ್ರಿ ಇಲ್ಲ, ಕೆಲಸವಿಲ್ಲ. ಟ್ಯೂಷನ್ ಹೇಳಿ ನೋಡಿದ. ಪರೀಕ್ಷೆಗೆ ಬೇಕಾದ್ದು ಬಿಟ್ಟು ಅನಂತದ ಬಗ್ಗೆ ಮಾತಾಡುವ ಮೇಷ್ಟ್ರನ್ನ ಯಾವ ಹುಡುಗ ಇಟ್ಟುಕೊಳ್ತಾನೆ? 1909ರಲ್ಲಿ ಅಮ್ಮ ಮದುವೆ ಮಾಡಿದರು. ಹುಡುಗಿ ಜಾನಕಿಗೆ 10 ವರ್ಷ. ಮಾರನೇ ವರ್ಷದ ಶುರುವಿನಲ್ಲಿ ಒಂದು ಶಸ್ತ್ರಚಿಕಿತ್ಸೆ ಬೇಕಾಯ್ತು, ಮನೆಯಲ್ಲಿ ದುಡ್ಡಿರಲಿಲ್ಲ. ಒಬ್ಬ ಡಾಕ್ಟರು ಪುಕ್ಕಟೆ ಮಾಡಿಕೊಟ್ಟರು.

ನನ್ನ ಪ್ರಕಾರ ರಾಮಾನುಜನ್ ಜೀವನದಲ್ಲಿ ನಮಗೆ ಬೇಕಾದ ಭಾಗ ಇಲ್ಲಿಂದ ಶುರು. ಎರಡು ಸಲ ಫೇಲಾದವನು ಮನೆಯಲ್ಲಿ ಮುಖ ಮುಚ್ಚಿಕೊಂಡು ಕೂರಲಿಲ್ಲ. ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಬಾಗಿಲಿಂದ ಬಾಗಿಲಿಗೆ ಹೋದ. 1910ರಲ್ಲಿ ತಿರುಕ್ಕೋಯಿಲೂರಿಗೆ ಹೋಗಿ, ಭಾರತೀಯ ಗಣಿತ ಸಂಘ ಕಟ್ಟಿದ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಕಂಡ. ಕೇಳಿದ್ದು ರೆವಿನ್ಯೂ ಇಲಾಖೆಯಲ್ಲಿ ಒಂದು ಸಣ್ಣ ಗುಮಾಸ್ತಿಕೆ. ನೋಟ್‌ಬುಕ್ ನೋಡಿದ ಅಯ್ಯರ್, ಇಂಥವನನ್ನು ತೀರಾ ಕೆಳಗಿನ ಕುರ್ಚಿಯಲ್ಲಿ ಕೂರಿಸಿ ಹಾಳುಮಾಡಬಾರದು ಅಂತ ಕೆಲಸ ಕೊಡಲಿಲ್ಲ. ಹಸಿದವನಿಗೆ ಇದು ಎಂಥ ಉತ್ತರ ನೋಡಿ! ಆದರೆ ಬರಿಗೈಲಿ ಕಳಿಸಲಿಲ್ಲ, ಮದ್ರಾಸಿನ ಪರಿಚಯದವರಿಗೆ ಪತ್ರ ಕೊಟ್ಟರು. ಅಲ್ಲಿ ಶೇಷು ಅಯ್ಯರ್ ಸಿಕ್ಕರು, ಹಿಂದೆ ಕುಂಭಕೋಣದಲ್ಲಿ ಪಾಠ ಹೇಳಿದ್ದವರು. ಅವರ ಮೂಲಕ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್. ರಾವ್ ಅವರಿಗೆ ಮೊದಲ ಭೇಟಿಗಳಲ್ಲಿ ನಂಬಿಕೆ ಬರಲಿಲ್ಲ, ಹುಡುಗ ಬುರುಡೆ ಬಿಡ್ತಿದ್ದಾನೇನೋ ಅನ್ನೋ ಅನುಮಾನ. ಇವನು ಮತ್ತೆ ಹೋದ. ಸುಲಭದ ಫಲಿತಾಂಶಗಳಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಿಸಿ ತೋರಿಸಿದ. ಕೊನೆಗೆ ಏನು ಬೇಕಪ್ಪ ಅಂದಾಗ, ಸಂಶೋಧನೆ ನಡೆಸಿಕೊಂಡು ಹೋಗೋಕೆ ಎರಡು ಹೊತ್ತಿನ ಊಟಕ್ಕಾಗುವಷ್ಟು ಸಾಕು ಅಂದ. ರಾವ್ ತಮ್ಮ ಜೇಬಿನಿಂದ ತಿಂಗಳಿಗೆ 25 ರೂಪಾಯಿ ಕಳಿಸತೊಡಗಿದರು.

ಇದೇ ಸಮಯಕ್ಕೆ ನಮ್ಮ ಬೆಂಗಳೂರು ಈ ಕಥೆಯೊಳಗೆ ಬರುತ್ತೆ. ಗಣಿತ ಸಂಘದ ಪತ್ರಿಕೆಯ ಸಂಪಾದಕರು ಎಂ.ಟಿ. ನಾರಾಯಣ ಅಯ್ಯಂಗಾರ್, ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರು. ರಾಮಾನುಜನ್‌ನ ಮೊದಲ ದೊಡ್ಡ ಲೇಖನ, ಬರ್ನೌಲಿ ಸಂಖ್ಯೆಗಳ ಮೇಲಿನದು, ಅವರ ಮೇಜಿಗೆ ಬಂತು. ಸಾಮಾನ್ಯ ಓದುಗನಿಗೆ ಅರ್ಥವೇ ಆಗದ ಹಾಗಿತ್ತು. ಮೂರು ಸಲ ವಾಪಸ್ ಕಳಿಸಿ ತಿದ್ದಿಸಿದರು, 1911ರ ಡಿಸೆಂಬರಿನಲ್ಲಿ ಅಚ್ಚು ಹಾಕಿದರು. ತಿರಸ್ಕರಿಸಿ ಕೈತೊಳೆದುಕೊಳ್ಳೋದು ಅವರಿಗೆ ಸುಲಭವಿತ್ತು. ಹಾಗೆ ಮಾಡದ ಸಂಪಾದಕರಿಗೆ ನಮ್ಮ ಕನ್ನಡ ಸಂಘದ ಪರವಾಗಿ ಒಂದು ನಮಸ್ಕಾರ.

ಕೂತು ತಿನ್ನೋದು ರಾಮಾನುಜನ್‌ಗೆ ಒಗ್ಗಲಿಲ್ಲ. 1912ರ ಆರಂಭದಲ್ಲಿ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ 20 ರೂಪಾಯಿಯ ತಾತ್ಕಾಲಿಕ ಕೆಲಸ ಕೆಲವು ವಾರ ಮಾಡಿದ. ಫೆಬ್ರವರಿ 9ರಂದು ಮದ್ರಾಸ್ ಪೋರ್ಟ್ ಟ್ರಸ್ಟಿಗೆ ಅರ್ಜಿ ಹಾಕಿದ. ರೆಸ್ಯೂಮೆ ಬರೆಯೋಕೆ ಒದ್ದಾಡುವವರು ಆ ಅರ್ಜಿಯನ್ನು ನೋಡಬೇಕು. ಮೆಟ್ರಿಕ್ ಪಾಸು, ಎಫ್.ಎ.ವರೆಗೆ ಓದಿದ್ದೇನೆ, ಅನನುಕೂಲ ಪರಿಸ್ಥಿತಿಗಳಿಂದ ಮುಂದುವರಿಸಲಾಗಲಿಲ್ಲ, ಅಲ್ಲಿಂದ ಇಲ್ಲಿವರೆಗೆ ಪೂರ್ತಿ ಸಮಯ ಗಣಿತಕ್ಕೇ ಕೊಟ್ಟಿದ್ದೇನೆ, ಕೆಲಸಕ್ಕೆ ನ್ಯಾಯ ಸಲ್ಲಿಸುತ್ತೇನೆ. ಇಷ್ಟೇ ಅದರ ಸಾರ. ಸುಳ್ಳಿಲ್ಲ, ಗೋಳಿಲ್ಲ, ನಾನು ಪ್ರತಿಭಾವಂತ ಅನ್ನೋ ಜಂಬವೂ ಇಲ್ಲ. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ಮಿಡ್ಲ್‌ಮಾಸ್ಟ್ ಅವರ ಶಿಫಾರಸು ಪತ್ರ. ಮಾರ್ಚ್ 1ರಿಂದ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತಿಕೆ, ಸಂಬಳ 30 ರೂಪಾಯಿ.

ಕೆಲಸ ಸಿಕ್ಕಿತು, ಇನ್ನು ಬಹುವಚನ.

ಪೋರ್ಟ್ ಟ್ರಸ್ಟಿನಲ್ಲಿ ರಾಮಾನುಜನ್ ಅವರ ಮೇಲಧಿಕಾರಿ ನಾರಾಯಣ ಅಯ್ಯರ್, ಸ್ವತಃ ಗಣಿತ ಬಲ್ಲವರು. ಸಂಜೆ ಇಬ್ಬರೂ ಒಂದೊಂದು ಸ್ಲೇಟು ಹಿಡಿದು ಕೂರೋರು. ನಿನ್ನ ಎರಡು ಸಾಲುಗಳ ನಡುವೆ ನನ್ನಂಥವರಿಗಾಗಿ ಹತ್ತು ಸಾಲು ಬರಿ ಅಂತ ಅಯ್ಯರ್ ಹಟ ಹಿಡಿಯೋರು. ಟ್ರಸ್ಟಿನ ಅಧ್ಯಕ್ಷರು ಸರ್ ಫ್ರಾನ್ಸಿಸ್ ಸ್ಪ್ರಿಂಗ್, ಗೋದಾವರಿಗೆ ರೈಲು ಸೇತುವೆ ಕಟ್ಟಿಸಿದ ಎಂಜಿನಿಯರ್. ಮದ್ರಾಸ್ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಪ್ರೊಫೆಸರ್ ಗ್ರಿಫಿತ್ ಕೂಡ ಸ್ಪ್ರಿಂಗ್ ಅವರಿಗೆ ಪತ್ರ ಬರೆದು, ಈ ಗುಮಾಸ್ತನ ಮೇಲೆ ಒಂದು ಕಣ್ಣಿಡಿ ಅಂದರು, ಲಂಡನ್ನಿನ ತಮ್ಮ ಗುರು ಹಿಲ್ ಅವರಿಗೂ ಬರೆದರು. ಗಣಿತದ ಈ ಕಥೆಯಲ್ಲಿ ಎಂಜಿನಿಯರುಗಳ ಪಾತ್ರ ಇಷ್ಟಿದೆ ಅಂತ ನಮ್ಮವರಿಗೆ ಯಾರೂ ಹೇಳಲ್ಲ!

ಹಾರ್ಡಿಗೆ 1913ರ ಜನವರಿ 16ರಂದು ಬರೆದ ಪತ್ರ ಲೋಕಪ್ರಸಿದ್ಧ. ಅದಕ್ಕೂ ಮುಂಚೆ ಕೇಂಬ್ರಿಜ್‌ನ ಇನ್ನಿಬ್ಬರು ದೊಡ್ಡವರಿಗೆ ಬರೆದು ಪ್ರಯೋಜನ ಆಗಿರಲಿಲ್ಲ ಅನ್ನೋದನ್ನ ಮರೀಬೇಡಿ. ಹಾರ್ಡಿಯ ಉತ್ತರ ಬಂದ ಮೇಲೆ ಎರಡನೇ ಪತ್ರದಲ್ಲಿ ಸಂಕೋಚವಿಲ್ಲದೆ ಕೇಳಿಬಿಟ್ಟರು: ಅರೆಹೊಟ್ಟೆಯಲ್ಲಿದ್ದೇನೆ, ತಲೆ ಉಳಿಯಬೇಕಾದರೆ ಮೊದಲು ಊಟ ಬೇಕು, ನಿಮ್ಮದೊಂದು ಪತ್ರ ಇದ್ದರೆ ಇಲ್ಲಿ ಸ್ಕಾಲರ್‌ಶಿಪ್ ಸಿಗಬಹುದು ಅನ್ನೋ ಅರ್ಥದಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದ ನಿಯಮದ ಪ್ರಕಾರ ಸಂಶೋಧನಾ ವೇತನಕ್ಕೆ ಎಂ.ಎ. ಇರಲೇಬೇಕು. ಇವರದು ಎಫ್.ಎ. ಫೇಲು. ಹವಾಮಾನ ಇಲಾಖೆಯ ಗಿಲ್ಬರ್ಟ್ ವಾಕರ್ ಬಂದರಿಗೆ ಭೇಟಿ ಕೊಟ್ಟಾಗ ಸ್ಪ್ರಿಂಗ್ ನೋಟ್‌ಬುಕ್ ತೋರಿಸಿದರು. ಮಾರನೇ ದಿನವೇ ವಾಕರ್ ವಿಶ್ವವಿದ್ಯಾಲಯಕ್ಕೆ ಬರೆದರು. ಈ ಸಲ ನಿಯಮ ಬಗ್ಗಿತು. 1913ರ ಮೇ ತಿಂಗಳಿಂದ 75 ರೂಪಾಯಿ, ಎರಡು ವರ್ಷ. ಮೂರು ತಿಂಗಳಿಗೊಂದು ವರದಿ ಕೊಡಬೇಕು, ಅಷ್ಟೆ. ಒಂದು ಇಂಗ್ಲಿಷ್ ಪತ್ರಿಕೆಗಾಗಿ ಸ್ಕಾಲರ್‌ಶಿಪ್ ಹೋದ ಮೇಲೆ ಇಷ್ಟು ದೂರ ಬರೋಕೆ ಎಂಟು ವರ್ಷ, ಹತ್ತಾರು ಜನರ ಪತ್ರ ಬೇಕಾಯ್ತು.

1914ರ ಮಾರ್ಚ್ 17ರಂದು ಹಡಗು ಹತ್ತಿದರು. ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್ ಕೊಟ್ಟಿತು, ಅದರಲ್ಲಿ 50 ಪೌಂಡ್ ಊರಿನ ಮನೆಗೆ. ಟ್ರಿನಿಟಿ ಕಾಲೇಜು ಮತ್ತೆ 60 ಸೇರಿಸಿತು. 1916ರಲ್ಲಿ ಕೊನೆಗೂ ಸಂಶೋಧನೆಗಾಗಿ ಬಿ.ಎ. ಡಿಗ್ರಿ ಬಂತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ. ಅಷ್ಟರಲ್ಲಿ ಯುದ್ಧ, ಚಳಿ, ತರಕಾರಿ ಸಿಗದ ಅಡುಗೆಮನೆ, ಒಂದಾದ ಮೇಲೊಂದು ಆಸ್ಪತ್ರೆ.

1919ರ ಜನವರಿಯಲ್ಲಿ, ಇನ್ನೂ ಕಾಯಿಲೆಯಲ್ಲಿದ್ದಾಗಲೇ, ಊರಿಗೆ ಬಂದ ಮೇಲೆ ಐದು ವರ್ಷ ವರ್ಷಕ್ಕೆ 250 ಪೌಂಡ್ ಕೊಡುವುದಾಗಿ ಮದ್ರಾಸ್ ವಿಶ್ವವಿದ್ಯಾಲಯ ತಿಳಿಸಿತು. ರಾಮಾನುಜನ್ ಉತ್ತರ ಬರೆದರು. ಇದು ನನಗೆ ಬೇಕಾದ್ದಕ್ಕಿಂತ ಹೆಚ್ಚಾಯ್ತು, ಅಪ್ಪ ಅಮ್ಮನಿಗೆ ವರ್ಷಕ್ಕೆ 50 ಪೌಂಡ್ ಕೊಡಿ, ನನ್ನ ಖರ್ಚು ಕಳೆದು ಉಳಿದಿದ್ದನ್ನು ಬಡ ಹುಡುಗರ, ಅನಾಥರ ಶಾಲಾ ಫೀಸು ತಗ್ಗಿಸೋಕೆ, ಶಾಲೆಗಳಿಗೆ ಪುಸ್ತಕ ಕೊಡೋಕೆ ಬಳಸಿ ಅಂತ. ಆ 32 ರೂಪಾಯಿ ಅವರಿಗೆ ಮರೆತಿರಲಿಲ್ಲ ಅಂತ ನನಗನ್ನಿಸುತ್ತೆ.

ಆ ಮಾರ್ಚಿನಲ್ಲಿ ಮುಂಬಯಿಗೆ ಬಂದಿಳಿದರು. 1920ರ ಏಪ್ರಿಲ್ 26ರಂದು ಮದ್ರಾಸಿನ ಚೆಟ್‌ಪೆಟ್‌ನಲ್ಲಿ ತೀರಿಕೊಂಡರು. ವಯಸ್ಸು 32. ಜಾನಕಿಗೆ 21. ವಿಶ್ವವಿದ್ಯಾಲಯ ಅವರಿಗೆ ತಿಂಗಳಿಗೆ 20 ರೂಪಾಯಿ ಪಿಂಚಣಿ ಕೊಟ್ಟಿತು. ಅಷ್ಟರಲ್ಲಿ ಬದುಕೋದು ಕಷ್ಟ. ಮುಂಬಯಿಯಲ್ಲಿ ಅಣ್ಣನ ಮನೆಯಲ್ಲಿದ್ದು ಹೊಲಿಗೆ ಕಲಿತರು, ಮದ್ರಾಸಿಗೆ ವಾಪಸ್ ಬಂದು ತಿರುವಲ್ಲಿಕ್ಕೇಣಿಯಲ್ಲಿ ಬಟ್ಟೆ ಹೊಲಿದು, ಹುಡುಗಿಯರಿಗೆ ಹೊಲಿಗೆ ಹೇಳಿಕೊಟ್ಟು ಜೀವನ ಮಾಡಿದರು. 1950ರ ಹೊತ್ತಿಗೆ ಅವರ ಗೆಳತಿಯೊಬ್ಬರು ತೀರಿಕೊಂಡಾಗ, ತಬ್ಬಲಿಯಾದ ಅವರ ಚಿಕ್ಕ ಮಗನನ್ನು ಮನೆಗೆ ಕರಕೊಂಡು ಬಂದರು. ಅವನನ್ನು ಶಾಲೆಗೆ ಸೇರಿಸಿ, ಕಾಲೇಜು ಓದಿಸಿದರು. ಮುಂದೆ ಅವರಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಜಾನಕಿ 1994ರವರೆಗೆ ಅವರ ಜೊತೆಯಲ್ಲೇ ಇದ್ದರು.